ಹನ್ನೊಂದನೇ ಹಾಸಿಗೆ

ಬೈಲಹೊಂಗಲ
2 ಜೂನ್ 2025

ಚಿ. ರಂಜನಾಳಿಗೆ ಆಶೀರ್ವಾದಗಳು.

ನಿನ್ನ ವಿಳಾಸ ಹುಡುಕುವುದರಲ್ಲಿ ಎಂಟು ದಿನ ಹೋಯಿತು. ಕೊನೆಗೆ ನಿಮ್ಮ ಬ್ಯಾಚಿನ ಸಚಿನ ಹೇಳಿದ, ನೀನು ತೊರಗಲ್ ಹತ್ತಿರದ ಸರಕಾರಿ ಆರೋಗ್ಯ ಕೇಂದ್ರದಲ್ಲಿದ್ದೀ ಎಂದು. ಫೋನ್ ನಂಬರೂ ಕೊಟ್ಟ. ಆದರೆ ಕೈಯಿಂದ ಬರೆದ ಪತ್ರವೇ ಆಗಬೇಕೆಂದು ನಮಗೆ ಕಟ್ಟಪ್ಪಣೆಯಾಗಿದೆ. ಯಾರ ಅಪ್ಪಣೆ ಎನ್ನುವುದನ್ನು ಹೇಳುತ್ತೇನೆ, ನಗಬೇಡ.

ನಮ್ಮ ಮೆಡಿಕಲ್ ಕಾಲೇಜಿನಲ್ಲಿ ಈಗ ಕಲಿಸುವವರಿಗೇ ಒಂದು ತರಬೇತಿ ನಡೆದಿದೆ. ಜಾತಿ, ಧರ್ಮ, ಹೆಣ್ಣು-ಗಂಡು, ಬಡವ-ಬಲ್ಲಿದ ಎಂದು ನಾವು ಗೊತ್ತಿದ್ದೋ ಗೊತ್ತಿಲ್ಲದೆಯೋ ವಿದ್ಯಾರ್ಥಿಗಳನ್ನೂ ರೋಗಿಗಳನ್ನೂ ಹೇಗೆ ಕೀಳಾಗಿ ಕಾಣುತ್ತೇವೆ ಎಂದು ತಿಳಿಸಿಕೊಡುತ್ತಾರಂತೆ. ನಡೆಸುವವಳು ಮನೋವೈದ್ಯ ವಿಭಾಗದ ಡಾ. ಮೆಹೆರಾಜ. ಅವಳೂ ಒಂದು ಕಾಲಕ್ಕೆ ನನ್ನ ಶಿಷ್ಯೆಯೇ. ಮೂವತ್ತೊಂದು ವರ್ಷ ಪಾಠ ಹೇಳಿದ ನಾನು ಈಗ ಹಿಂದಿನ ಸಾಲಿನಲ್ಲಿ ಕುಳಿತು ಅವಳ ಪಾಠ ಕೇಳುತ್ತಿದ್ದೇನೆ. ಮೊದಲ ದಿನ ಅವಳು, "ನಿಮ್ಮಿಂದ ಯಾರಿಗರ ನೋವು ಆಗೇತೇನ್ರಿ ಸರ್?" ಎಂದು ಎಲ್ಲರನ್ನೂ ಕೇಳಿದ್ದೇ ತಡ, ಸರ್ಜರಿಯವರೊಬ್ಬರು ಎದ್ದು ನಿಂತು ಸಮಜಾಯಿಷಿ ಕೊಡತೊಡಗಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ನಾನು ಮಾತ್ರ ನಿಶ್ಚಿಂತೆಯಿಂದ ಕುಳಿತಿದ್ದೆ.

ನಮಗೆ ಕೊಟ್ಟ ಕೆಲಸ ಇಷ್ಟು. ಹಿಂದುಳಿದ ಸಮುದಾಯದಿಂದ ಬಂದ ಹಳೆಯ ವಿದ್ಯಾರ್ಥಿಯೊಬ್ಬರಿಗೆ ಪತ್ರ ಬರೆಯಬೇಕು. ನಮ್ಮ ವಾರ್ಡಿನಲ್ಲಿ ಅವರಿಗೆ ಹೇಗನ್ನಿಸಿತ್ತು ಎಂದು ಕೇಳಬೇಕು. ಬಂದ ಉತ್ತರವನ್ನು ಆಗಸ್ಟ್ 30ರಂದು ಕಿತ್ತೂರಿನಲ್ಲಿ ನಡೆಯುವ ಸಮಾರೋಪದಲ್ಲಿ ಎಲ್ಲರೆದುರು ಓದಬೇಕು. ನನಗೆ ಮೊದಲು ನೆನಪಾದವಳು ನೀನು.

ಅವತ್ತಿನ ದಿನ ನಿನಗೂ ನೆನಪಿರಬೇಕು. ಹನ್ನೊಂದನೇ ಹಾಸಿಗೆ. ಸವದತ್ತಿ ಕಡೆಯ ಹೆಣ್ಣುಮಗಳು, ಕೊರಳಲ್ಲಿ ಕೆಂಪು-ಬಿಳಿ ಮಣಿಗಳ ಸರ, ಗುಡ್ಡದ ದೇವಿಗೆ ಬಿಟ್ಟವಳು. ಹೃದಯದ ಕವಾಟ ಕಿರಿದಾದ ಕೇಸು. ಅಷ್ಟು ಸ್ಪಷ್ಟವಾದ ಸದ್ದನ್ನು ನಾನು ಆಮೇಲೆ ಕೇಳಿಲ್ಲ. ಬೇರೆಯವರಾಗಿದ್ದರೆ ರ‍್ಯಾಂಕಿನ ಹುಡುಗರನ್ನು ಮುಂದೆ ಕರೆಯುತ್ತಿದ್ದರು. ನಾನು ನಿನ್ನನ್ನು ಕರೆದೆ. ನೀನು ಒಂದು ಮಾತೂ ತಡವರಿಸದೆ ಇಡೀ ಕೇಸನ್ನು ಒಪ್ಪಿಸಿದೆ. "ಶಾಬಾಸ್! ಎಲ್ಲಾರೂ ಈಕಿ ಕಡಿಂದ ಕಲೀರಿ" ಎಂದು ಹದಿನಾಲ್ಕು ಜನರೆದುರು ಹೇಳಿದ್ದೆ.

ಅದನ್ನೇ ಎರಡು ಪುಟ ಬರೆದು ಕಳಿಸು. ಸೆಪ್ಟೆಂಬರಿನಲ್ಲಿ ನನ್ನ ನಿವೃತ್ತಿ. ಮನೆಯವಳು ಗುರುಬಸವ್ವ ತೀರಿಕೊಂಡು ಎರಡು ವರ್ಷವಾಯಿತು. ಊಟ ಖಾನಾವಳಿಯಲ್ಲಿ, ಮಾತು ಆಸ್ಪತ್ರೆಯಲ್ಲಿ. ಮನೆಯಲ್ಲಿ ಎರಡೂ ಇಲ್ಲ. ಹೋಗುವ ಹೊತ್ತಿಗೆ ಒಳ್ಳೆಯ ಮೇಷ್ಟ್ರಾಗಿದ್ದೆ ಎಂದು ಒಬ್ಬರಾದರೂ ಹೇಳಿದರೆ ಸಾಕು ಎನ್ನಿಸುತ್ತದೆ. ಆಸೆಯೇ ಸರಿ.

ಇತಿ ನಿನ್ನ
ಅಮೋಘಸಿದ್ದಪ್ಪ ಸಂಗೊಳ್ಳಿ


ತೊರಗಲ್
19 ಜೂನ್ 2025

ಪೂಜ್ಯ ಗುರುಗಳಿಗೆ ರಂಜನಾಳ ನಮಸ್ಕಾರಗಳು.

ತಮ್ಮ ಪತ್ರ ಮುಟ್ಟಿತು. ಅಮ್ಮನವರ ಸುದ್ದಿ ಗೊತ್ತಿರಲಿಲ್ಲ. ಹಾಸ್ಟೆಲಿನ ಹುಡುಗಿಯರಿಗೆಲ್ಲ ಪಂಚಮಿಗೆ ಉಂಡಿ ಕಳಿಸುತ್ತಿದ್ದರು. ಕೇಳಿ ಬೇಸರವಾಯಿತು.

ನಾನಿಲ್ಲಿಗೆ ಬಂದು ಆರು ವರ್ಷ. ಕ್ವಾರ್ಟರ್ಸಿನಲ್ಲಿ ಒಬ್ಬಳೇ ಇರುತ್ತೇನೆ. ಕಿಟಕಿ ತೆರೆದರೆ ಗುಡ್ಡದ ಮೇಲಿನ ಕೋಟೆ ಕಾಣುತ್ತದೆ. ದಿನಕ್ಕೆ ಎಪ್ಪತ್ತು, ಎಂಬತ್ತು ಜನ ಬರುತ್ತಾರೆ. ಜ್ವರ, ಬಾಣಂತಿಯರು, ಹಾವು ಕಚ್ಚಿದವರು. ಸಂಜೆಯ ಮೇಲೆ ಯಾರೂ ಇರುವುದಿಲ್ಲ.

ತಾವು ಕಲಿಸಿದ್ದನ್ನು ಮರೆತಿಲ್ಲ. ಕೇಸ್ ಬರೆಯುವಾಗ ಹೆಸರು, ಊರು ಮೊದಲಾದ ವಿವರ ಮುಗಿದ ಮೇಲೆ ಮೊದಲ ಸಾಲು "ಮಾಹಿತಿ ಕೊಟ್ಟವರು ಯಾರು, ಅವರ ಮಾತು ನಂಬಬಹುದೇ" ಎಂದಿರಬೇಕು, ಅದಿಲ್ಲದೆ ಮುಂದಿನ ಸಾಲು ಬರೆಯಕೂಡದು ಎಂದು ಹೇಳುತ್ತಿದ್ದಿರಿ. ಇಲ್ಲಿ ಹೊರರೋಗಿಗಳ ಚೀಟಿಯಲ್ಲೂ ನಾನು ಅದನ್ನು ಬರೆಯುತ್ತೇನೆ. ನರ್ಸ್ ಭಾಗ್ಯಾ ನಗುತ್ತಾಳೆ.

ಎರಡು ಪುಟ ಬರೆಯಲು ಸದ್ಯ ಸಮಯವಾಗಲಿಕ್ಕಿಲ್ಲ. ಕ್ಷಮಿಸಬೇಕು. ಹನ್ನೊಂದನೇ ಹಾಸಿಗೆಯ ಆ ಹೆಣ್ಣುಮಗಳ ಹೆಸರು ಕರೆವ್ವ.

ತಮ್ಮ ವಿದ್ಯಾರ್ಥಿನಿ
ರಂಜನಾ ಕೆ. ಮಾದರ


ಬೈಲಹೊಂಗಲ
28 ಜೂನ್ 2025

ಚಿ. ರಂಜನಾ,

ಹನ್ನೆರಡು ವರ್ಷದ ಮೇಲೂ ರೋಗಿಯ ಹೆಸರನ್ನು ನೆನಪಿಟ್ಟಿದ್ದೀಯಲ್ಲ! ವಿಭಾಗದಲ್ಲಿ ಎಲ್ಲರಿಗೂ ತೋರಿಸಿದೆ. "ನೋಡ್ರಿ, ಇದು ಕಲಿಸಿದ್ದರ ಫಲ" ಎಂದೆ. ನೀನು ವಾರ್ಡಿನಲ್ಲಿಯೂ ಹೀಗೇ, ಕೇಳಿದ್ದಕ್ಕೆ ಅಷ್ಟೇ ಉತ್ತರ. ತುಂಬಿದ ಕೊಡ ತುಳುಕುವುದಿಲ್ಲ ಎನ್ನುವುದು ನಿನ್ನಂಥವರನ್ನು ನೋಡಿಯೇ ಹುಟ್ಟಿರಬೇಕು.

ಆದರೆ ನನಗೆ ಎರಡು ಪುಟ ಬೇಕೇ ಬೇಕು. ಬರೆಯಲು ಬೇಸರವಾದರೆ ಆಗಸ್ಟ್ 30ಕ್ಕೆ ಕಿತ್ತೂರಿಗೇ ಬಂದುಬಿಡು. ಐದು ನಿಮಿಷ ಮಾತಾಡು ಸಾಕು. ರಾಮದುರ್ಗದಿಂದ ಕಾರು ಕಳಿಸುವ ವ್ಯವಸ್ಥೆ ನನಗಿರಲಿ.

ಮೊನ್ನೆ ತರಬೇತಿಯಲ್ಲಿ ಮೆಹೆರಾಜ ನಮ್ಮನ್ನೆಲ್ಲ ಒಂದು ಗೆರೆಯ ಮೇಲೆ ನಿಲ್ಲಿಸಿ ಪ್ರಶ್ನೆ ಕೇಳಿದಳು. ಮನೆಯಲ್ಲಿ ಓದಿದವರಿದ್ದರೆ ಒಂದು ಹೆಜ್ಜೆ ಮುಂದೆ ಬನ್ನಿ, ಜಾತಿಯ ಕಾರಣಕ್ಕೆ ಅವಮಾನವಾಗಿದ್ದರೆ ಒಂದು ಹೆಜ್ಜೆ ಹಿಂದೆ ಹೋಗಿ, ಹೀಗೆ. ಕೊನೆಗೆ ನೋಡಿದರೆ ನನ್ನ ಬೆನ್ನಿಗೆ ಗೋಡೆ ಬಂದಿತ್ತು. ಸಂಗೊಳ್ಳಿಯಲ್ಲಿ ನಮ್ಮಪ್ಪ ಕುರಿ ಕಾಯುತ್ತಿದ್ದ. ನನ್ನನ್ನು ಹಾಸ್ಟೆಲಿನಲ್ಲಿ "ಕಂಬಳಿ" ಎಂದೇ ಕರೆಯುತ್ತಿದ್ದರು. ಗೋಡೆಗೆ ಒರಗಿ ನಿಂತಾಗ ಸತ್ಯ ಹೇಳಬೇಕೆಂದರೆ ಸ್ವಲ್ಪ ಹೆಮ್ಮೆಯೇ ಆಯಿತು. ನಾನು ತಾರತಮ್ಯ ಉಂಡವನು, ಬಡಿಸಿದವನಲ್ಲ.

ಇನ್ನೊಂದು ಮಾತು ಬಹಳ ದಿನದಿಂದ ಕೇಳಬೇಕೆಂದಿದ್ದೆ. ನೀನು ಎಂ.ಡಿ. ಯಾಕೆ ಮಾಡಲಿಲ್ಲ? ನಿನಗೆ ಬುದ್ಧಿಯಿತ್ತು, ಸೀಟೂ ಸಿಗುತ್ತಿತ್ತು. ಇನ್ನಷ್ಟು ಧೈರ್ಯ ಮಾಡಬೇಕಾಗಿತ್ತು.

ಇತಿ
ಅಮೋಘಸಿದ್ದಪ್ಪ


ಬೈಲಹೊಂಗಲ
24 ಜುಲೈ 2025

ರಂಜನಾ,

ನನ್ನ ಪತ್ರ ನಿನಗೆ ತಲುಪಿರಬೇಕು. ತೊರಗಲ್ಲಿಗೆ ಟಪಾಲು ನಾಲ್ಕು ದಿನಕ್ಕಿಂತ ಹೆಚ್ಚು ಹಿಡಿಯುವುದಿಲ್ಲ ಎಂದು ಇಲ್ಲಿಯ ಪೋಸ್ಟ್‌ಮಾಸ್ತರ್ ಹೇಳುತ್ತಾರೆ. ಅವರನ್ನು ಮೂರು ಸಲ ಕೇಳಿದೆ.

ತರಬೇತಿಯ ಫಾರಂನಲ್ಲಿ ನಿನ್ನ ಹೆಸರು ಬರೆದುಕೊಟ್ಟಿದ್ದೇನೆ. ಉಳಿದವರಿಗೆಲ್ಲ ಉತ್ತರ ಬಂದಿದೆ. ಕೇಳಿದ್ದು ಎರಡು ಪುಟ, ಆಸ್ತಿಯನ್ನಲ್ಲ. ನಾನು ನಿನಗೆ ಏನಾದರೂ ಕಡಿಮೆ ಮಾಡಿದ್ದರೆ ಅದನ್ನೇ ಬರೆ. ಮಾಡಿಲ್ಲವಾದರೆ ಇಷ್ಟೊಂದು ಬಿಗುಮಾನ ಯಾಕೆ?

ಅಮೋಘಸಿದ್ದಪ್ಪ


ತೊರಗಲ್
3 ಆಗಸ್ಟ್ 2025

ಸರ್,

ಏನಾದರೂ ಕಡಿಮೆ ಮಾಡಿದ್ದರೆ ಬರೆ ಎಂದಿರಿ. ಈ ಸಾಲು ಬರೆಯಲಿಕ್ಕೆ ನನಗೆ ಒಂದು ವಾರ ಹಿಡಿಯಿತು.

ಕರೆವ್ವ ನನ್ನ ಅವ್ವ.

ನನ್ನ ಹೆಸರಿನ ನಡುವೆ ಇರುವ "ಕೆ" ಅವಳೇ. ಉಳಿದವರಿಗೆಲ್ಲ ಆ ಜಾಗದಲ್ಲಿ ಅಪ್ಪನ ಹೆಸರಿರುತ್ತದೆ. ಗುಡ್ಡದ ಕೆಳಗೆ ಉಗರಗೋಳದಲ್ಲಿ ನಮ್ಮ ಮನೆ. ಅವ್ವನಿಗೆ ಹನ್ನೊಂದು ವರ್ಷವಾದಾಗ ಮುತ್ತು ಕಟ್ಟಿ ದೇವಿಗೆ ಬಿಟ್ಟರು. ಅಪ್ಪ ಯಾರು ಎಂದು ಹಾಸ್ಟೆಲಿನಲ್ಲಿ ಕೇಳಿದಾಗ ನಾನು "ತೀರಿಕೊಂಡಾರ, ಒಕ್ಕಲುತನ ಮಾಡತಿದ್ರು" ಎಂದು ಹೇಳಿದ್ದೆ. ಒಂದು ಸಲ ಹೇಳಿದ ಮೇಲೆ ಐದು ವರ್ಷ ಅದನ್ನೇ ಹೇಳಬೇಕಾಯಿತು.

ಅವ್ವನಿಗೆ ಏದುಸಿರು ಹೆಚ್ಚಾದಾಗ ನಮ್ಮ ಆಸ್ಪತ್ರೆಗೇ ತರಬೇಕಾಯಿತು. ಬೇರೆ ಕಡೆ ತೋರಿಸುವ ಶಕ್ತಿ ಇರಲಿಲ್ಲ. ಬಸ್ಸಿನಲ್ಲಿ ಬರುವಾಗಲೇ ಅವಳು ಹೇಳಿದಳು: "ಅಲ್ಲಿ ನಾ ನಿನ್ನ ಗುರುತ ಹಿಡಿಯಂಗಿಲ್ಲ, ನೀನೂ ಹಿಡಿಯಬ್ಯಾಡ. ಇಂಥಾಕಿ ಮಗಳು ಅಂತ ಗೊತ್ತಾದರ ಜೋಡಿ ಕುಂದ್ರಾಕ ಕೊಡಂಗಿಲ್ಲವಾ." ನಾನು ಬೇಡ ಎನ್ನಲಿಲ್ಲ. ಸರ್, ಇದನ್ನು ನಾನು ಯಾರಿಗೂ ಹೇಳಿಲ್ಲ. ನಾನು ಬೇಡ ಎನ್ನಲಿಲ್ಲ. ಒಳಗೊಳಗೆ ನಿರಾಳವಾಯಿತು.

ಮರುದಿನ ನೀವು ರೌಂಡ್ಸಿಗೆ ಬಂದಿರಿ. ಹದಿನಾಲ್ಕು ಜನ ಸುತ್ತ ನಿಂತೆವು. ನೀವು ಪೆನ್ನಿನ ತುದಿಯಿಂದ ಅವ್ವನ ಕೊರಳಿನ ಸರವನ್ನು ಎತ್ತಿದಿರಿ. "ರಂಜನಾ, ನೀ ಆ ಕಡಿಯಾಕಿ. ಇದರ ಅರ್ಥ ಏನು ಅಂತ ಇವರಿಗೆಲ್ಲಾ ತಿಳಿಸಿ ಹೇಳು. ಉದ್ಯೋಗ ಅನ್ನೂ ಜಾಗಾದಾಗ ಏನು ಬರೀತಿ?" ಎಂದಿರಿ. ಹಿಂದಿನಿಂದ ಯಾರೋ ನಕ್ಕರು. ನೀವು ನಗಲಿಲ್ಲ, ನಿಜ. ನಾನು ಹೇಳಿದೆ. ಪುಸ್ತಕದಲ್ಲಿ ಇರುವ ಹಾಗೆ, ಬೇರೆ ಯಾರದೋ ಸುದ್ದಿಯ ಹಾಗೆ ಹೇಳಿದೆ.

ಆಮೇಲೆ ಕೇಸಿನ ಪ್ರಕಾರ ಮುಂದಿನ ಪ್ರಶ್ನೆ ಕೇಳಬೇಕಿತ್ತು. "ನಿಮಗ ಮಕ್ಕಳೆಷ್ಟರಿ?" ಎಂದು ನನ್ನ ಅವ್ವನನ್ನು ನಾನು ಕೇಳಿದೆ.

"ಇಲ್ಲರಿ ಡಾಕ್ಟರ ಬಾಯಾರ. ನನಗ ಹಿಂದಮುಂದ ಯಾರೂ ಇಲ್ಲರಿ" ಎಂದಳು.

ಅದಾದ ಮೇಲೆ ಹದಿನಾಲ್ಕು ಜನ ಒಬ್ಬರಾದ ಮೇಲೊಬ್ಬರು ಅವಳ ಎದೆಯ ಮೇಲೆ ಸ್ಟೆತಸ್ಕೋಪ್ ಇಟ್ಟು ಸದ್ದು ಕೇಳಿದರು. ಕೊನೆಯವಳು ನಾನು. ಆ ಸದ್ದು ಸ್ಪಷ್ಟವಾಗಿತ್ತು ಎಂದು ಬರೆದಿದ್ದೀರಿ. ಹೌದು, ಬಹಳ ಸ್ಪಷ್ಟವಾಗಿತ್ತು. ನೀವು ಶಾಬಾಸ್ ಎಂದಿರಿ.

ಸಂಜೆ ಭೇಟಿಯ ಹೊತ್ತಿಗೆ ಹಾಸಿಗೆಯ ಬಳಿ ಹೋದರೆ ಅವ್ವ ಮೆಲ್ಲಗೆ, "ಚಲೋ ಹೇಳಿದಿ. ನಿಮ್ಮ ಮಾಸ್ತರ ಶಾಬಾಸ್ ಅಂದ್ರಲ್ಲ, ನನ್ನ ಹೊಟ್ಟಿ ತಣ್ಣಗಾತು" ಎಂದಳು. ಖುಷಿಯಾಗಿದ್ದಳು. ಅದೇ ನನಗೆ ಇವತ್ತಿಗೂ ಸಹಿಸಲಾಗುವುದಿಲ್ಲ.

ಬಲೂನು ಹಾಕಿ ಕವಾಟ ಅಗಲ ಮಾಡಬೇಕು, ಎರಡು ತಿಂಗಳು ಬಿಟ್ಟು ಬಾ ಎಂದು ನೀವೇ ಹೇಳಿ ಕಳಿಸಿದಿರಿ. ಅವಳು ಬರಲಿಲ್ಲ. "ಮತ್ತ ಅಲ್ಲಿ ಬಂದ್ರ ಯಾರರ ಗುರುತ ಹಿಡೀತಾರ. ನಿನ್ನ ಓದು ಮುಗೀಲಿ" ಎಂದಳು. ಓದು ಮುಗಿಯಿತು. ಆ ಹೊತ್ತಿಗೆ ಹೃದಯ ಕೈಮೀರಿತ್ತು. 2017ರ ಮಾರ್ಚಿನಲ್ಲಿ ಹೋದಳು.

ಎಂ.ಡಿ. ಯಾಕೆ ಮಾಡಲಿಲ್ಲ ಎಂದು ಕೇಳಿದಿರಿ. ಎಂ.ಡಿ. ಎಂದರೆ ಮತ್ತೆ ಮೂರು ವರ್ಷ ಅದೇ ವಾರ್ಡು. ಧೈರ್ಯದ ಮಾತು ನೀವು ಬರೆದಿದ್ದೀರಿ, ನಾನು ಅದಕ್ಕೇನೂ ಹೇಳುವುದಿಲ್ಲ.

ನಿಮ್ಮ ಮೇಲೆ ನನಗೆ ಸಿಟ್ಟಿದೆ ಸರ್. ಆದರೆ ಅದು ಅರ್ಧ ಮಾತ್ರ. ಉಳಿದರ್ಧ ನನ್ನ ಮೇಲೆ. ನಿಮಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. "ಮಗಳು" ಎನ್ನುವ ಒಂದು ಮಾತು ಆ ವಾರ್ಡಿನಲ್ಲಿ ನನ್ನ ಬಾಯಿಂದ ಬರಲಿಲ್ಲ. ಕೇಸ್ ಪುಸ್ತಕದಲ್ಲಿ ಏನು ಬರೆದೆನೋ ನೆನಪಿಲ್ಲ. "ಮಕ್ಕಳಿಲ್ಲ" ಎಂದೇ ಬರೆದಿರುತ್ತೇನೆ.

ರಂಜನಾ


ಬೈಲಹೊಂಗಲ
11 ಆಗಸ್ಟ್ 2025

ರಂಜನಾ,

ನಾಲ್ಕು ಹಾಳೆ ಹರಿದು ಹಾಕಿದೆ. ನನ್ನಿಂದ ದೊಡ್ಡ ತಪ್ಪಾಗಿದೆ. ಕ್ಷಮೆ ಕೇಳುವುದಕ್ಕೂ ನಾಚಿಕೆಯಾಗುತ್ತದೆ.

ಒಂದು ಯೋಚನೆ ಬಂದಿದೆ. ನಿನ್ನ ಪತ್ರವನ್ನು ಕಿತ್ತೂರಿನಲ್ಲಿ ಓದುತ್ತೇನೆ. ಹೆಸರು ಹೇಳುವುದಿಲ್ಲ. ನನ್ನ ತಪ್ಪನ್ನು ಎಲ್ಲರೆದುರು ಒಪ್ಪಿಕೊಳ್ಳುತ್ತೇನೆ. ಅರವತ್ತು ಜನ ಕಲಿಸುವವರು ಕೇಳುತ್ತಾರೆ. ಮುಂದಿನ ವರ್ಷದಿಂದ ಇದನ್ನು ತರಬೇತಿಯ ಪಾಠದಲ್ಲೇ ಸೇರಿಸಬಹುದು. ಕರೆವ್ವನವರ ಕಥೆಯಿಂದ ನಾಲ್ಕು ಜನ ಕಲಿತರೆ ಅವರಿಗೆ ನಾವು ಸಲ್ಲಿಸುವ ಗೌರವ ಅದೇ ಅಲ್ಲವೇ? ನಿನ್ನ ಒಪ್ಪಿಗೆ ಬೇಕು.

ಅಮೋಘಸಿದ್ದಪ್ಪ


ತೊರಗಲ್
16 ಆಗಸ್ಟ್ 2025

ಸರ್,

ಬೇಡ.

ಹದಿನಾಲ್ಕು ಜನರ ನಡುವೆ ಒಮ್ಮೆ ಅವ್ವನನ್ನು ಕೇಸ್ ಮಾಡಿದ್ದೇವೆ. ಈಗ ಅರವತ್ತು ಜನರ ನಡುವೆ ಮತ್ತೊಮ್ಮೆ ಮಾಡಬೇಡಿ. ನಾನು ಬರೆದದ್ದು ನಿಮಗೆ, ತರಬೇತಿಗಲ್ಲ.

ರಂಜನಾ


ಬೈಲಹೊಂಗಲ
4 ಸೆಪ್ಟೆಂಬರ್ 2025

ಡಾ. ರಂಜನಾ ಕರೆವ್ವ ಮಾದರ ಅವರಿಗೆ,

ನಿಮ್ಮ ಪತ್ರವನ್ನು ಸಭೆಯಲ್ಲಿ ಓದಲಿಲ್ಲ. ಯಾರಿಗೂ ತೋರಿಸಿಯೂ ಇಲ್ಲ.

ಕಿತ್ತೂರಿನಲ್ಲಿ ಒಬ್ಬೊಬ್ಬರೇ ಎದ್ದು ತಮಗೆ ಬಂದ ಉತ್ತರ ಓದಿದರು. ಹೆಚ್ಚಿನವು ಹೊಗಳಿಕೆ. ಚಪ್ಪಾಳೆ ಆಗುತ್ತಿತ್ತು. ನನ್ನ ಸರದಿ ಬಂದಾಗ, "ಉತ್ತರ ಬಂದೇತಿ. ಅದು ನನಗ ಬರದದ್ದು. ಓದಂಗಿಲ್ಲ" ಎಂದು ಹೇಳಿ ಕುಳಿತೆ. ಮೆಹೆರಾಜ, "ಆತ್ರಿ ಸರ್" ಎಂದಳು. ಊಟದ ಹೊತ್ತಿಗೆ ಸರ್ಜರಿಯವರು ಪಕ್ಕದಲ್ಲಿ ಕುಳಿತು, "ನಿಮಗೇನ್ರಿ, ಹೊಗಳಿ ಹೊಗಳಿ ಬರದಿರಬೇಕು, ಸಂಕೋಚ ಮಾಡಿದ್ರಿ" ಎಂದರು. ಎಲ್ಲರೂ ನಗುತ್ತ ಉಣ್ಣುವಾಗ ಹೊಟ್ಟೆಯಲ್ಲಿ ಒಂದು ಮಾತು ಇಟ್ಟುಕೊಂಡು ಕೂಡುವುದು ಎಷ್ಟು ಕಷ್ಟ ಎಂದು ತಿಳಿಯಿತು. ನನಗೆ ಅದು ಒಂದು ಊಟದಷ್ಟು ಹೊತ್ತಿನ ಮಾತು. ನೀವು ಐದು ವರ್ಷ ಹಾಗೆ ಉಂಡಿದ್ದೀರಿ.

ಒಂದು ವಿಷಯ ನನ್ನನ್ನು ಕೊರೆಯುತ್ತಿದೆ. ಹಾಸಿಗೆಯ ತಲೆಯ ಕಡೆ ತೂಗುಹಾಕಿದ ಚೀಟಿಯಲ್ಲಿ ಕರೆವ್ವ ಮಾದರ ಎಂದಿದ್ದಿರಬೇಕು. ಹಾಜರಿಯಲ್ಲಿ ರಂಜನಾ ಮಾದರ. ನಾನು ಎರಡನ್ನೂ ಓದಿದವನು. ಸಂಗೊಳ್ಳಿ ಕಡೆಯ ರೋಗಿ ಬಂದರೆ "ಯಾರ ಪೈಕಿ ಆದ್ರಿ?" ಎಂದು ಕೇಳದೆ ನಾನು ನಾಡಿಯನ್ನೇ ಹಿಡಿದವನಲ್ಲ. ದೇಸಾಯಿ ಎಂಬ ರೋಗಿ ಬಂದರೆ ದೇಸಾಯಿ ಎಂಬ ಹುಡುಗನಿಗೆ "ನಿಮ್ಮವರೇನೋ?" ಎಂದು ಕೇಳುತ್ತಿದ್ದೆ, ಅವನ ಸೋದರಮಾವನೇ ಆಗಿದ್ದರೆ ಕುರ್ಚಿ ತರಿಸುತ್ತಿದ್ದೆ. ಒಂದೇ ಊರ ಕಡೆಯ ಇಬ್ಬರು ಮಾದರರನ್ನು ನೋಡಿ ನನಗೆ ಆ ಪ್ರಶ್ನೆಯೇ ಹುಟ್ಟಲಿಲ್ಲ. ಆ ಹೆಸರಿನವರು ಎಲ್ಲ ಕಡೆ ಇರುತ್ತಾರೆ ಎಂದುಕೊಂಡಿದ್ದೆನೇನೋ. ಅವರಿಗೂ ಅವ್ವ, ಮಗಳು ಇರುತ್ತಾರೆ ಎಂದು ಹೊಳೆಯಲಿಲ್ಲ. ಕುರಿ ಕಾಯುವವನ ಮಗ ನಾನು. ಗೋಡೆಗೆ ಒರಗಿ ಹೆಮ್ಮೆಪಟ್ಟದ್ದನ್ನು ನಿಮಗೆ ಬರೆದೆನಲ್ಲ, ಆ ಪತ್ರ ನೆನೆದರೆ ಮುಖ ಮುಚ್ಚಿಕೊಳ್ಳುವ ಹಾಗಾಗುತ್ತದೆ.

ಇನ್ನು ಮುಖ್ಯವಾದ ಮಾತು.

ವಿಭಾಗದ ಹಿಂದಿನ ಕೋಣೆಯಲ್ಲಿ ಹಳೆಯ ಕೇಸ್ ಪುಸ್ತಕಗಳನ್ನು ರದ್ದಿಗೆ ಹಾಕಲೆಂದು ಗಂಟು ಕಟ್ಟಿ ಇಟ್ಟಿದ್ದರು. ಅಟೆಂಡರ್ ಯಮನಪ್ಪನನ್ನು ಕರೆದುಕೊಂಡು ಮೂರು ದಿನ ಗಂಟು ಬಿಚ್ಚಿ ಹುಡುಕಿದೆ. "ಏನ್ ಕಳಕೊಂಡೀರಿ ಸಾಹೇಬ್ರ?" ಎಂದು ಅವನು ಕೇಳಿದ. ನಾನು ಇನ್ನೊಂದು ಗಂಟು ಬಿಚ್ಚಿದೆ. ನಿಮ್ಮ ಪುಸ್ತಕ ಸಿಕ್ಕಿತು. ಗೆದ್ದಲು ಒಂದು ಮೂಲೆ ತಿಂದಿದೆ, ಅಕ್ಷರಕ್ಕೆ ಏನೂ ಆಗಿಲ್ಲ. ಹನ್ನೊಂದನೇ ಹಾಸಿಗೆಯ ಪುಟವನ್ನು ಇದರ ಜೊತೆ ಇಟ್ಟಿದ್ದೇನೆ. ನೀವು ಬರೆದದ್ದು ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಹೇಳುವುದಾದರೆ ಹೀಗಿದೆ:

ಹೆಸರು: ಕರೆವ್ವ. ಊರು: ಉಗರಗೋಳ. ಉದ್ಯೋಗ: ಕೂಲಿ. ಮಕ್ಕಳು: ಒಬ್ಬಳು ಹೆಣ್ಣುಮಗಳು, ಓದುತ್ತಿದ್ದಾಳೆ. ಮಾಹಿತಿ ಕೊಟ್ಟವರು: ರೋಗಿ ಮತ್ತು ಮಗಳು. ಇಬ್ಬರ ಮಾತೂ ನಂಬಬಹುದು.

ಕೆಳಗೆ ಕೆಂಪು ಶಾಯಿಯಲ್ಲಿ ನನ್ನ ಸಹಿ. "ಚೆನ್ನಾಗಿದೆ" ಎಂದು ಬರೆದಿದ್ದೇನೆ.

ನೀವು ಹೇಳಿದ್ದಿರಿ ರಂಜನಾ. ನಾನು ಕಲಿಸಿದ ಆ ಮೊದಲ ಸಾಲಿನಲ್ಲೇ ಹೇಳಿದ್ದಿರಿ. ನಾನು ಓದದೆ ಸಹಿ ಹಾಕಿದೆ. ನಿಮ್ಮ ಸಿಟ್ಟಿನ ಆ ಉಳಿದರ್ಧವನ್ನೂ ನನಗೇ ಕೊಟ್ಟುಬಿಡಿ.

ಅಮೋಘಸಿದ್ದಪ್ಪ


ತೊರಗಲ್
17 ಸೆಪ್ಟೆಂಬರ್ 2025

ಸರ್,

ಪುಟ ತಲುಪಿತು. ಅಕ್ಷರ ನನ್ನದೇ. ಬರೆದದ್ದು ಎಷ್ಟು ನೆನೆದರೂ ನೆನಪಾಗುತ್ತಿಲ್ಲ. ಇಷ್ಟು ವರ್ಷ ನಾನು ಬರೆಯಲಿಲ್ಲ ಎಂದೇ ನಂಬಿ ಬದುಕಿದ್ದೇನೆ. ಓದಿ ಬಹಳ ಅತ್ತೆ. ಭಾಗ್ಯಾ ಗಾಬರಿಯಾಗಿ ಚಹಾ ತಂದುಕೊಟ್ಟಳು. ಅವಳಿಗೆ ಅವ್ವನ ಸುದ್ದಿ ಹೇಳಿದೆ. ಆರು ವರ್ಷದಲ್ಲಿ ಇಲ್ಲಿ ಮೊದಲ ಸಲ.

ನನಗೆ "ನೀವು" ಎನ್ನುವುದು ಬೇಡ. ಅವತ್ತು ಅವ್ವನೂ ನನಗೆ ರೀ ಹಚ್ಚಿ ಮಾತಾಡಿದ್ದಳು.

ಉಳಿದರ್ಧವನ್ನು ನಿಮಗೆ ಕೊಡಲಾಗುವುದಿಲ್ಲ. ಪುಸ್ತಕದಲ್ಲಿ ಬರೆದದ್ದು ನಿಜ, ಆದರೆ ಅವ್ವನಿಗೆ ಓದಲು ಬರುತ್ತಿರಲಿಲ್ಲ. ಅವಳು ಕೇಳಿಸಿಕೊಂಡದ್ದು ನಾನು ಬಾಯಿಂದ ಕೇಳಿದ ಪ್ರಶ್ನೆಯನ್ನು ಮಾತ್ರ. ಹೋದ ರವಿವಾರ ಉಗರಗೋಳಕ್ಕೆ ಹೋಗಿ ಅವಳನ್ನು ಮಣ್ಣು ಮಾಡಿದ ಜಾಗದಲ್ಲಿ ಕುಳಿತು ಆ ಪುಟವನ್ನು ಗಟ್ಟಿಯಾಗಿ ಓದಿದೆ. ಗುಡ್ಡಕ್ಕೆ ಹೋಗುವ ಜನ ನಿಂತು ನೋಡಿದರು. ನಾನು ನಿಲ್ಲಿಸಲಿಲ್ಲ.

ಅವ್ವ ತೀರಿಕೊಂಡಾಗ ಪಂಚಾಯತಿಯಲ್ಲಿ ಮರಣ ಬರೆಸಲು ಫಾರಂ ಕೊಟ್ಟಿದ್ದರು. ಅದರಲ್ಲೂ "ಮಾಹಿತಿ ಕೊಟ್ಟವರು" ಎಂದು ಒಂದು ಸಾಲಿತ್ತು. ಅಲ್ಲಿ "ಮಗಳು" ಎಂದು ಬರೆದೆ. ಬದುಕಿದ್ದಾಗ ಒಮ್ಮೆಯೂ ಬರೆಯದೆ ಸತ್ತ ಮೇಲೆ ಬರೆಯುತ್ತಿದ್ದೇನಲ್ಲ ಎಂದುಕೊಂಡಿದ್ದೆ.

ಅದು ಎರಡನೆಯ ಸಲ ಬರೆದದ್ದು ಎಂದು ಈಗ ಗೊತ್ತಾಯಿತು.

ರಂಜನಾ ಕರೆವ್ವ ಮಾದರ